ತೈಪೆ ವಿಮಾನದ ಖಾಲಿ ಸೀಟು

ನನ್ನ ನಾಲಿಗೆ ಸರಿಯಿಲ್ಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಜನವರಿಯ ಆ ಬೆಳಗ್ಗೆ ನಾನು ಬಾಯಿ ಮುಚ್ಚಿಕೊಂಡು ಸೂಪು ಬಡಿಸಿದ್ದರೆ ನಮ್ಮ ಮನೆಯಲ್ಲಿ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹೊರಗೆ ಮೊಣಕಾಲುದ್ದ ಹಿಮ. ಬಾಗಿಲಿನಿಂದ ರಸ್ತೆಯವರೆಗೆ ದಾರಿ ಬಿಡಿಸಿ, ಸೊಂಟ ಹಿಡಿದುಕೊಂಡು ಒಳಗೆ ಬಂದರೆ ನನ್ನ ಗಂಡ ಯಾಸುನೊರಿ ಸುಟ್ಟ ಮೀನಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಮೇಜಿನ ತುಂಬ ಕಾಗದ ಹರಡಿಕೊಂಡು ಕೂತಿದ್ದರು. ಅವರಿಗೆ ಪ್ರಾಂತದ ಸರ್ಕಾರಿ ಕಚೇರಿಯಲ್ಲಿ ಕೆಲಸ, ವಿಮಾನ ನಿಲ್ದಾಣದ ವಿಭಾಗದಲ್ಲಿ. ನಮ್ಮ ಕಾಜಿಹಾಮಾ ನಿಲ್ದಾಣದಿಂದ ಹೊರದೇಶಕ್ಕೆ ಹಾರುವುದು ಒಂದೇ ಒಂದು ವಿಮಾನ, ತೈಪೆಗೆ, ವಾರಕ್ಕೆ ಎರಡು ಸಲ. ಮಾರ್ಚ್ ಮುಗಿಯುವುದರೊಳಗೆ ನೂರು ಸೀಟಿಗೆ ಎಪ್ಪತ್ತರಂತೆ ಮಾರಾಟವಾಗಿರಬೇಕು, ಇಲ್ಲದಿದ್ದರೆ ಕಂಪನಿಯವರು ಗಂಟುಮೂಟೆ ಕಟ್ಟುತ್ತಾರೆ. ಅಲ್ಲಿಯವರೆಗೆ ಮಾರಾಟವಾಗಿದ್ದದ್ದು ಐವತ್ತೊಂಬತ್ತರಂತೆ.

"ಅಮ್ಮಾ, ನಿಂಗೂ ಒಂದು ಪಾಸ್‌ಪೋರ್ಟ್ ಮಾಡ್ಸೋಣ," ಅಂದರು.

ನಮ್ಮತ್ತೆ ಕಿನುಯೊಗೆ ಎಂಬತ್ತಮೂರು. ಮೂಲಂಗಿ ಉಪ್ಪಿನಕಾಯಿಯನ್ನು ನಿಧಾನವಾಗಿ ಅಗಿದು ನುಂಗಿ ಆಮೇಲೆ ಮಾತಾಡಿದರು. "ನಾನ್ಯಾಕೋ? ಮನೇವ್ರೆಲ್ಲಾ ಹೋಗಿ ಆಕಾಶದಲ್ಲಿ ಕೂತ್ರೆ ನೆರಳೂಟ ಯಾರಿಡ್ತಾರೆ?"

ನೆರಳೂಟ ನಮ್ಮ ಕಡೆಯ ಹಳೇ ಪದ್ಧತಿ. ಮನೆಯವರು ದೂರದ ಊರಿಗೆ ಹೋದರೆ ಅವರು ಕೂರುವ ಜಾಗದಲ್ಲೇ ಅವರ ಪಾಲಿನ ಬಿಸಿ ಅನ್ನ, ಸೂಪು ಮುಚ್ಚಿಡುವುದು. ಮಿಕ್ಕವರ ಊಟ ಮುಗಿದ ಮೇಲೆ ಮುಚ್ಚಳ ತೆಗೆದು ನೋಡಬೇಕು. ಒಳಗಡೆ ನೀರ ಹನಿ ಕಟ್ಟಿದ್ದರೆ ಹೋದವರು ಕ್ಷೇಮ. ಬಿಸಿ ಅನ್ನ ಮುಚ್ಚಿಟ್ಟರೆ ಹನಿ ಕಟ್ಟದೆ ಇನ್ನೇನು ಕಟ್ಟುತ್ತದೆ ಅಂತ ನಾನು ಮದುವೆಯಾಗಿ ಬಂದ ವರ್ಷವೇ ಅಂದು ಬೈಸಿಕೊಂಡಿದ್ದೆ.

"ಅಮ್ಮ ಒಂದ್ಸಲ ಬಂದ್ರೆ ಸಾಕು. ಅವಳನ್ನ ನೋಡಿ ಬೀದಿಯ ಮುದುಕೀರೆಲ್ಲಾ ಬರ್ತಾರೆ," ಅಂದರು ಗಂಡ.

ನನಗೆ ರೇಗಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂದರೆ ಈ ಮನುಷ್ಯನೇ. "ಅವರ ಎದೆ ಸರಿಯಿಲ್ಲ ಅಂತ ಡಾಕ್ಟ್ರು ಮೆಟ್ಲು ಹತ್ಬೇಡಿ ಅಂದಿದಾರೆ. ನೀವು ಮೋಡ ಹತ್ತಿಸ್ತೀನಿ ಅಂತೀರಲ್ರೀ! ನಾನು ಎರಡು ಸಲ ಹೋಗ್ಬಂದೆ. ಮಗಳು ಮೂರು ಸಲ ಹೋಗ್ಬಂದ್ಲು. ಅತ್ತೆನ ಮಾತ್ರ ನಿಮ್ಮ ಲೆಕ್ಕಕ್ಕೆ ಸೇರಿಸ್ಬೇಡಿ, ಹೇಳಿದೀನಿ."

"ಸೀಟ್ ತುಂಬ್ಬೇಕಲ್ಲ ತೊಮೊಎ!"

"ತುಂಬ್ಬೇಕು ತಾನೆ? ನಿಮ್ಮಪ್ಪನ್ನ ಕರ್ಕೊಂಡ್ ಹೋಗಿ. ಹನ್ನೊಂದು ವರ್ಷದಿಂದ ಗೂಡಲ್ಲಿ ಸುಮ್ನೆ ಕೂತಿದಾರೆ!"

ತೀರಿಕೊಂಡ ನಮ್ಮ ಮಾವ ಇವಾವೊ ಅವರ ಫೋಟೋ ಮೇಜಿನ ಹಿಂದೆ, ಹಿರಿಯರ ಗೂಡಿನಲ್ಲಿ ಇತ್ತು. ಮೂವರೂ ತಿರುಗಿ ನೋಡಿದೆವು. ಅತ್ತೆ ಬೈಯಲಿಲ್ಲ. ಗಂಡನ ಕೈಯ ಊಟದ ಕಡ್ಡಿಗಳು ಬಟ್ಟಲ ಮೇಲೆ ಹಾಗೇ ನಿಂತವು. ಆಮೇಲೆ ಅವರು ಒಂದು ಕಾಗದ ಎಳೆದುಕೊಂಡು ಬೆರಳಿಟ್ಟು ಓದಿದರು.

"ಒಪ್ಪಂದದಲ್ಲಿ ಎಷ್ಟು ಜನ ಹತ್ತಿದ್ರು ಅಂತಿಲ್ಲ," ಅಂದರು ಮೆಲ್ಲಗೆ. "ಎಷ್ಟು ಸೀಟು ಮಾರಾಟ ಆಯ್ತು ಅಂತಿದೆ."

*

ಗುರುವಾರ ಮಾವ ತೈಪೆಗೆ ಹೋದರು. ದೊಡ್ಡ ತಂಬೂರಿ ಪಿಟೀಲು ತರುವವರು ಪಕ್ಕದಲ್ಲಿ ಇನ್ನೊಂದು ಸೀಟು ಕೊಳ್ಳಬಹುದಂತೆ, ಹಾಗೇ ಫೋಟೋಗೂ. ಅತ್ತೆ ಫೋಟೋವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಬಾಗಿಲಿಗೆ ಬಂದು, "ಅಲ್ಲಿ ಸೆಖೆ ಇರುತ್ತಂತೆ, ಹುಷಾರು," ಅಂತ ಫೋಟೋಗೆ ಹೇಳಿದರು. ನಾನು ನಗು ತಡೆದುಕೊಂಡೆ.

ರಾತ್ರಿ ಊಟಕ್ಕೆ ನಮ್ಮ ಮಗಳು ನಾಗಿ ಬಂದಳು. ಇಪ್ಪತ್ತೆರಡರ ಹುಡುಗಿ, ಅದೇ ನಿಲ್ದಾಣದಲ್ಲಿ ಟಿಕೆಟ್ ನೋಡಿ ಒಳಗೆ ಬಿಡುವ ಕೆಲಸ. ಬಂದವಳು ಕೋಟನ್ನೂ ಬಿಚ್ಚದೆ ಕೂತಳು.

"ಅಮ್ಮಾ, ಇವತ್ತು ನಾನು ಅಜ್ಜನ ಹೆಸರು ಮೈಕಲ್ಲಿ ಕೂಗ್ದೆ."

"ಏನಂತ ಕೂಗಿದ್ಯೇ?"

"ಇವಾವೊ ಅವರೇ, ಇದು ಕೊನೇ ಕರೆ, ಎರಡನೇ ಬಾಗಿಲಿಗೆ ಬನ್ನಿ ಅಂತ. ಅಪ್ಪ ಬರೀ ಸೀಟು ತಗೊಳ್ಳೋದ್ ಬಿಟ್ಟು ಹೆಸ್ರೂ ಹಾಕ್ಸಿದ್ರು. ತಮ್ಮ ಚೀಟಿ ತೋರ್ಸಿ ಒಳಗ್ ಹೋದ್ರು, ಅಜ್ಜನ ಚೀಟಿ ಜೇಬಲ್ಲೇ ಮರೆತ್ರು. ಕಂಪ್ಯೂಟರ್ ಒಬ್ರು ಬಂದಿಲ್ಲ ಅಂತ ತೋರ್ಸ್ತಿತ್ತು. ಹಾಗ್ ತೋರ್ಸಿದ್ರೆ ಕೂಗ್ಬೇಕು, ನಿಯಮ."

"ನಿಮ್ಮಪ್ಪ ವಾಪಸ್ ಬಂದು ಚೀಟಿ ತೋರ್ಸಿದ್ರಾ?"

"ಇಲ್ಲ."

"ಮತ್ತೆ?"

"ಕೂಗಿದ್ ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಎಲ್ಲಾರೂ ಬಂದ್ರು ಅಂತ ತೋರಿಸ್ತು." ಅವಳು ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಏನೋ ತಪ್ಪಾಗಿರುತ್ತೆ ಬಿಡು."

ಅತ್ತೆ ಎರಡು ನೆರಳೂಟ ಇಟ್ಟಿದ್ದರು, ಮಗನಿಗೊಂದು, ಗಂಡನಿಗೊಂದು. ಸತ್ತವರಿಗೆ ಬೆಳಗ್ಗೆ ಗೂಡಿನ ಮುಂದೆ ಸಣ್ಣ ಬಟ್ಟಲಲ್ಲಿ ಅನ್ನ ಇಡುವುದುಂಟು, ಅದಕ್ಕೆ ಮುಚ್ಚಳ ಇಲ್ಲ. ದೂರ ಹೋದವರ ಹಾಗೆ ಮುಚ್ಚಿಟ್ಟಿದ್ದು ಅದೇ ಮೊದಲು. ಊಟವಾದ ಮೇಲೆ ಅತ್ತೆ ಮುಚ್ಚಳ ಎತ್ತಿದರು. ಮಗನದರಲ್ಲಿ ತೆಳ್ಳಗೆ ಹಬೆ ಹಿಡಿದಿತ್ತು. ಮಾವನ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಮೇಜಿನ ಬಟ್ಟೆ ಒದ್ದೆಯಾಯಿತು.

"ನೋಡಿದ್ಯಾ, ಚೆನ್ನಾಗಿದಾರೆ," ಅಂದರು ಅತ್ತೆ. ನಾನು ಒರೆಸುವ ಬಟ್ಟೆ ತಂದೆ.

*

ಹಳ್ಳಿಯಂಥ ಊರು ನಮ್ಮದು, ಸುದ್ದಿಗೆ ಕಾಲು ಬೇಕಿಲ್ಲ. ಫೆಬ್ರವರಿ ಮೊದಲ ವಾರದಲ್ಲಿ ಮೀನಂಗಡಿಯ ಕುವಾಬಾರಾ ಅಮ್ಮ ತನ್ನ ತಾಯಿಯನ್ನೂ ಇಬ್ಬರು ಅಕ್ಕಂದಿರನ್ನೂ ಕರೆದುಕೊಂಡು ಹೊರಟಳು. ಮೂವರೂ ಚೌಕಟ್ಟಿನಲ್ಲಿ, ಒಂದೇ ಕೈಚೀಲದಲ್ಲಿ.

"ಬದುಕಿದ್ದಾಗ ನಮ್ಮಮ್ಮ ಸೇತುವೆ ದಾಟಿದವಳಲ್ಲ," ಅಂತ ಮೀನು ಕಟ್ಟಿಕೊಡುತ್ತ ನನಗೆ ಹೇಳಿದಳು. "ನಿಮ್ಮೆಜಮಾನ್ರು ಪುಣ್ಯಾತ್ಮರು."

ಪುಣ್ಯಾತ್ಮರು ಆಗ ಮನೆಯಲ್ಲಿ ಊಟ ಮಾಡುತ್ತಿದ್ದದ್ದು ವಾರಕ್ಕೆ ಒಂದು ಹೊತ್ತು. ಪ್ರತಿ ವಿಮಾನದಲ್ಲೂ ಅವರು, ಪಕ್ಕದಲ್ಲಿ ಮಾವ. ಆ ಕಡೆ ಇಳಿಯುವುದು, ನಿಲ್ದಾಣದ ಒಳಗೇ ಅನಾನಸ್ ಕೇಕಿನ ಡಬ್ಬಿ ಕೊಳ್ಳುವುದು, ಅದೇ ವಿಮಾನ ಹತ್ತಿ ವಾಪಸ್ಸಾಗುವುದು. ಊರಿನೊಳಗೆ ಒಂದು ಹೆಜ್ಜೆ ಇಟ್ಟವರಲ್ಲ. ಅಕ್ಕಿ ಡಬ್ಬದ ಮೇಲೆ, ಮೆಟ್ಟಿಲ ಕೆಳಗೆ, ಸ್ನಾನದ ಮನೆಯ ಕಪಾಟಿನಲ್ಲಿ, ಎಲ್ಲೆಲ್ಲೂ ಕೇಕಿನ ಡಬ್ಬಿ. ನಾಗಿ ಅದನ್ನು ನೋಡಿದರೇ ಓಡುತ್ತಿದ್ದಳು.

ನನ್ನನ್ನೂ ಮೂರನೇ ಸಲ ಹತ್ತಿಸಿದರು. ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ನನ್ನ ಮುಂದೆ ಹನ್ನೆರಡು ಸಾಲು, ಸೀಟಿಗೊಂದು ಫೋಟೋ, ಎಲ್ಲಕ್ಕೂ ಬೆಲ್ಟು. ಸಮುದ್ರಕ್ಕೆ ಹೋದವರು, ಭತ್ತ ಬೆಳೆದವರು, ನನ್ನ ಮಗಳಿಗೆ ಒಂದನೇ ಕ್ಲಾಸಲ್ಲಿ ಪಾಠ ಹೇಳಿದ ಟೀಚರು. ಎಲ್ಲರನ್ನೂ ಬಲ್ಲೆ. ಇಷ್ಟು ಪರಿಚಯದವರ ನಡುವೆ ನಾನು ಎಂದೂ ಪ್ರಯಾಣ ಮಾಡಿರಲಿಲ್ಲ. ವಿಮಾನದ ಹುಡುಗಿ ಪ್ರತಿಯೊಬ್ಬರ ಮುಂದೂ ಕಾಗದದ ಲೋಟದಲ್ಲಿ ನೀರಿಟ್ಟು ಹೋದಳು. ಅದು ಕಚೇರಿಯ ಏರ್ಪಾಡು. ಇಳಿಯುವ ಹೊತ್ತಿಗೆ ಅವಳು ಖಾಲಿ ಲೋಟ ಎತ್ತಲು ಬಂದಳು.

"ನೀರು ಚೆಲ್ಲಿಬಿಟ್ರೇನಮ್ಮಾ?" ಅಂತ ಕೇಳಿದೆ.

"ನಾನು ಈಗ್ತಾನೆ ಬರ್ತಿದೀನಿ," ಅಂದಳು. ಅವಳ ಕೈಯ ಲೋಟಗಳು ಒಂದರೊಳಗೊಂದು ಕೂತು ಕಿರಿಕಿರಿ ಸದ್ದು ಮಾಡಿದವು.

ಮನೆಗೆ ಬಂದರೆ ಅತ್ತೆ ಗೂಡಿನ ಕಡೆ ಬೆನ್ನು ಮಾಡಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಮುಖ ಊದಿತ್ತು.

"ನೋಡೇ ತೊಮೊಎ, ಈ ಮನುಷ್ಯ ನನ್ನನ್ನ ಪಕ್ಕದೂರಿನ ಬಿಸಿನೀರಿನ ಬುಗ್ಗೆಗೂ ಒಂದ್ಸಲ ಕರ್ಕೊಂಡ್ ಹೋದೋರಲ್ಲ. ಈಗ ತಿಂಗಳಿಗೆ ಎಂಟು ಸಲ ಸವಾರಿ! ಬರ್ತಾ ಬರ್ತಾ ಬಣ್ಣನೂ ಕಪ್ಪಾಗಿದೆ, ಬಿಸ್ಲು ತಿಂದು."

"ಫೋಟೋ ಅತ್ತೆ ಅದು."

"ಅಲ್ಲಿ ಬೆಳಿಗ್ಗೆ ಸೋಯಾ ಹಾಲಿಗೆ ಉಪ್ಪು, ಹುಳಿ ಹಾಕಿ ಕುಡೀತಾರಂತೆ. ಮೇಲೊಂದಿಷ್ಟು ಈರುಳ್ಳಿ ಸೊಪ್ಪು. ನದೀ ಪಕ್ಕ ಒಬ್ಬಳು ಕುಂಟ ಹೆಂಗಸಿನ ಅಂಗಡಿ ಇದೆಯಂತೆ. ಇವ್ರಿಗೆ ಹೋದಾಗೆಲ್ಲಾ ಅಲ್ಲೇ ಆಗ್ಬೇಕು."

"ಯಾರು ಹೇಳಿದ್ರು ಅತ್ತೆ?"

"ಹೋಗ್ಬಂದೋರು," ಅಂದರು ಅತ್ತೆ, ಸೊಪ್ಪಿನ ಬೇರು ಚಿವುಟುತ್ತ.

ನಾನು ಗಂಡನನ್ನು ಅಡ್ಡಗಟ್ಟಿ ಕೇಳಿದೆ. "ಅತ್ತೆಗೆ ಏನೇನೋ ಕಥೆ ಹೇಳ್ತಿದೀರಾ?"

"ನಾನೇನು ಹೇಳ್ಲಿ? ನಾನು ಅಲ್ಲಿ ಕೇಕಿನ ಅಂಗಡಿ ಬಿಟ್ರೆ ಏನೂ ನೋಡಿಲ್ಲ," ಅಂದರು. ಅದು ನಿಜವೇ.

*

ಮಾರ್ಚ್ ಕೊನೆಯ ವಾರ ಹಿಮ ಕರಗಿ ರಸ್ತೆ ಕೆಸರಾಯಿತು. ಸರಾಸರಿ ಎಪ್ಪತ್ತಕ್ಕೆ ಒಂದೇ ಒಂದು ಸೀಟು ಕಮ್ಮಿ, ಉಳಿದಿದ್ದು ಒಂದೇ ವಿಮಾನ. ಊರಿನ ಫೋಟೋಗಳೆಲ್ಲ ಆಗಲೇ ಹೆಸರು ಬರೆಸಿದ್ದವು. ಗಂಡ ಮೇಜಿನ ಮುಂದೆ ತಲೆ ಹಿಡಿದುಕೊಂಡು ಕೂತರು. ಆಗ ಅತ್ತೆ ಒಳಗೆ ಹೋಗಿ ಕೆಂಪು ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟರು. ಪಾಸ್‌ಪೋರ್ಟ್.

"ಯಾವಾಗ್ ಮಾಡಿಸ್ಕೊಂಡ್ರಿ?" ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. "ರೀ, ನನಗ್ ಹೇಳ್ದೆ ಮಾಡ್ಸಿದೀರಾ?"

"ನಾನೇ ಅವನಿಗೆ ಹೇಳ್ಬೇಡ ಅಂದೆ," ಅಂದರು ಅತ್ತೆ. "ಮೂರು ತಿಂಗಳಿಂದ ಅವರೊಬ್ರೇ ಅಲೀತಿದಾರೆ. ಒಂದ್ಸಲ ನಾನೂ ಹೋಗಿ ಅದ್ಯಾವ ಹೆಂಗಸಿನ ಅಂಗಡಿ ಅಂತ ನೋಡ್ಕೊಂಡ್ ಬರ್ತೀನಿ."

"ಅತ್ತೆ, ನಿಮ್ಮೆದೆ..."

"ಎದೆ ನಂದು."

"ನಂಗ್ ಇಷ್ಟ ಇಲ್ಲ! ಇಪ್ಪತ್ತಾರು ವರ್ಷ ಒಂದೇ ಒಲೆ ಮುಂದೆ ಜಗಳ ಆಡಿದೀವಿ. ನಿಮಗೆ ಏನಾದ್ರೂ ಆದ್ರೆ ನಾನು ಯಾರ್ ಜೊತೆ ಆಡ್ಲಿ? ಆ ವಿಮಾನ ಹಾಳಾಗ್ ಹೋಗ್ಲಿ, ನೀವು ಹೋಗ್ಬೇಡಿ."

ಗಂಡ ನನ್ನ ಮುಖ ನೋಡಲಿಲ್ಲ. ಅತ್ತೆ ನಕ್ಕು, "ಅಯ್ಯೋ ಹುಚ್ಚಿ, ಮೂರು ದಿನದ ಮಾತು," ಅಂದರು. ಮಗನ ಜೊತೆ ಹೊರಟೇಬಿಟ್ಟರು, ಕಂದು ಬಣ್ಣದ ಕಿಮೊನೊ ಉಟ್ಟು, ತೊಡೆಯ ಮೇಲೆ ಗಂಡನ ಫೋಟೋ ಇಟ್ಟುಕೊಂಡು.

ಆವತ್ತು ನೆರಳೂಟ ಇಟ್ಟವಳು ನಾನು. ನಂಬಿಕೆಯಿಂದಲ್ಲ, ಅವರು ಬಂದು ಕೇಳಿದರೆ ಹೇಳಬೇಕಲ್ಲ ಅಂತ. ಕುಕ್ಕರಿನಿಂದ ಹಬೆಯಾಡುವ ಅನ್ನ ತೆಗೆದು ಅತ್ತೆಯ ಬಟ್ಟಲಿಗೆ ಹಾಕಿ ಮುಚ್ಚಿದೆ. ನಾನು, ನಾಗಿ ಊಟ ಮಾಡಿದೆವು. ಮುಚ್ಚಳ ಎತ್ತಿದೆ. ಈಗಷ್ಟೇ ಒರೆಸಿಟ್ಟ ಹಾಗೆ ಒಣಗಿತ್ತು. ಅನ್ನ ಇನ್ನೂ ಬಿಸಿ, ಬೆರಳಿಟ್ಟರೆ ಸುಡುತ್ತಿತ್ತು.

"ಹಳೇ ಮುಚ್ಚಳ, ಎಲ್ಲೋ ಸೀಳಿರಬೇಕು," ಅಂದೆ. ಬೇರೆ ಬಟ್ಟಲು ತಂದೆ. ಮತ್ತೆ ಅನ್ನ, ಮತ್ತೆ ಮುಚ್ಚಳ. ಮತ್ತೆ ಒಣ. ಮೂರನೇ ಸಲ ಕುದಿಯುವ ನೀರನ್ನೇ ಸುರಿದು ಮುಚ್ಚಿದೆ.

"ಅಮ್ಮಾ, ಸಾಕು. ತೆಗೀಬೇಡ," ಅಂದಳು ನಾಗಿ. ನನ್ನ ಕೈಯನ್ನು ಮುಚ್ಚಳದ ಮೇಲೇ ಒತ್ತಿ ಹಿಡಿದಳು.

ಅಷ್ಟರಲ್ಲಿ ಫೋನ್. ಗಂಡನ ದನಿ ಕಿವಿ ಕಿತ್ತುಹೋಗುವ ಹಾಗಿತ್ತು. "ಎಪ್ಪತ್ತು ದಾಟ್ತು ತೊಮೊಎ! ದಾಟ್ತು! ಅಮ್ಮ ಆರಾಮಾಗಿದಾಳೆ. ನದೀ ಪಕ್ಕ ಕೂತು ಸೋಯಾ ಹಾಲು ಕುಡೀತಿದಾಳೆ. ಒಬ್ಬಳು ಕುಂಟ ಹೆಂಗಸಿನ ಅಂಗಡಿ. ಅಮ್ಮನೇ ದಾರಿ ತೋರಿಸಿದ್ಲು ಮಾರಾಯ್ತಿ!"

ನಾನು ಕುರ್ಚಿ ಎಳೆದುಕೊಂಡು ಕೂತೆ. ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ, ಅದಕ್ಕೇ ಕಣ್ಣೀರು ಸುರಿಸಿದೆ.

ಮೂರನೇ ದಿನ ಅತ್ತೆ ಬಂದರು. ಕೆನ್ನೆ ಕೆಂಪಗೆ, ನಡಿಗೆ ಚುರುಕು. ಅಂಗಳದಲ್ಲಿ ಅವರನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಒಳಗೆ ಬಂದು ರೇಷ್ಮೆ ಬಟ್ಟೆ ಬಿಚ್ಚಿದರೆ ಫೋಟೋ ಇರಲಿಲ್ಲ.

"ಮಾವ ಎಲ್ಲಿ?"

"ಅಲ್ಲೇ ಇರ್ತೀನಿ ಅಂದ್ರು. ಇಲ್ಲಿ ಚಳಿ ಅಂತೆ." ಅತ್ತೆ ಬಟ್ಟೆ ಮಡಿಸಿದರು. "ಅವರಿಗೆ ಅಲ್ಲಿ ಒಗ್ಗಿಹೋಗಿದೆ. ನಂಗೂ ಪರವಾಗಿಲ್ಲ ಅನ್ನಿಸ್ತು."

ಆವತ್ತಿನಿಂದ ಅವರು ಗೂಡಿಗೆ ಊದುಬತ್ತಿ ಹಚ್ಚುವುದು ಬಿಟ್ಟರು. ನಾನು ಹಚ್ಚಲು ಹೋದರೆ ಕೈ ಹಿಡಿದು, "ಊರಿಗೆ ಹೋದೋರಿಗೆ ಯಾರಾದ್ರೂ ಊದುಬತ್ತಿ ಹಚ್ತಾರೇನೇ?" ಅಂದರು. ಮೂರು ಹೊತ್ತೂ ಮಾವನಿಗೆ ನೆರಳೂಟ.

*

ಏಪ್ರಿಲ್ ಮೂರನೇ ವಾರ, ಮೂರು ವರ್ಷದಲ್ಲಿ ಮೊದಲ ಸಲ ಗಂಡ ಸಂಜೆ ಆರಕ್ಕೆ ಮನೆಗೆ ಬಂದರು. ನಾನು ಬಿದಿರಿನ ಮೊಳಕೆ ಹಾಕಿ ಅನ್ನ ಮಾಡಿದ್ದೆ. ನಾಲ್ವರೂ ಒಟ್ಟಿಗೆ ಕೂತೆವು. ಈ ಒಂದು ಊಟಕ್ಕಾಗಿ ನಾನು ಎಷ್ಟು ದಿನ ಬಾಯಿ ಬಡಿದುಕೊಂಡಿದ್ದೆ!

"ಕಂಪನಿಯವ್ರು ಖುಷಿಯಾಗಿದಾರೆ," ಅಂದರು ಗಂಡ, ಎರಡನೇ ಸಲ ಬಡಿಸಿಕೊಳ್ಳುತ್ತ. "ಅಕ್ಟೋಬರಿಂದ ವಾರಕ್ಕೆ ನಾಲ್ಕು ವಿಮಾನ. ಬುಸಾನ್‌ಗೂ ಹೊಸದೊಂದು ಶುರು. ಮುಂದಿನ ಐದು ವರ್ಷದ ಬೆಳವಣಿಗೆಯ ಯೋಜನೆ ನನ್ನ ಕೈಲೇ ಮಾಡ್ಸಿದ್ರು."

"ಅಷ್ಟು ಸೀಟಿಗೆ ಜನ ಎಲ್ಲಿಂದ ತರ್ತೀರಪ್ಪಾ? ನಮ್ಮೂರಲ್ಲಿ ವರ್ಷಕ್ಕೆ ಹುಟ್ಟೋದು ಇಪ್ಪತ್ತು ಮಕ್ಳು," ಅಂದಳು ನಾಗಿ.

"ಅದೇ ನೋಡು! ಬೇರೆ ನಿಲ್ದಾಣದೋರೆಲ್ಲಾ ಜನ ಕಮ್ಮಿ ಆಗ್ತಿದಾರೆ ಅಂತ ಅಳ್ತಾರೆ. ನಮಗೆ ಆ ಚಿಂತೆ ಇಲ್ಲ. ನಮ್ಮ ಪ್ರಯಾಣಿಕರು ವರ್ಷ ವರ್ಷ ಜಾಸ್ತೀನೇ ಆಗ್ತಾರೆ. ಹೋದ ವರ್ಷ ಮುನ್ನೂರ ತೊಂಬತ್ತು, ಈ ವರ್ಷ ನಾನೂರ ಹನ್ನೆರಡು. ಇಷ್ಟು ನಿಖರವಾದ ಅಂದಾಜು ದೇಶದಲ್ಲೇ ಯಾರೂ ಕೊಟ್ಟಿಲ್ಲ ಅಂದ್ರು ಮೇಲಿನೋರು."

ಊರಲ್ಲಿ ವರ್ಷಕ್ಕೆ ಸಾಯುವವರ ಲೆಕ್ಕ ಅದು. ನಾನು ಕಡ್ಡಿ ಕೆಳಗಿಟ್ಟೆ. ಅವರು ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮನೆಮನೆಗೂ ಒಂದೊಂದು ಅಂತೆ. ನಮ್ಮ ಮನೆಯದು ಹೀಗಿತ್ತು: ಜೀವಂತ ಮೂರು, ಫೋಟೋ ಎರಡು. ಕೆಳಗೆ ಅತ್ತೆಯ ಹೆಸರು, ಅಕ್ಟೋಬರ್ ಹನ್ನೊಂದು, ಹದಿನಾಲ್ಕನೇ ಸಾಲು.

ಅತ್ತೆ ನನ್ನೆದುರಿಗೇ ಕೂತು ಮೊಳಕೆ ಅಗಿಯುತ್ತಿದ್ದರು.

"ರೀ, ಇದೇನ್ರೀ ಇದು?"

"ಬರೀ ಅಂದಾಜು ಕಣೆ."

"ಅಂದಾಜಿಗೆ ತಾರೀಕು ಯಾಕೆ? ಸಾಲು ಯಾಕೆ?"

"ಮುಂಗಡ ಬುಕ್ ಮಾಡ್ಬೇಕಾದ್ರೆ ತಾರೀಕು ಬೇಕಲ್ಲ."

"ಕಿಟಕಿ ಪಕ್ಕ ತಾನೇನೋ?" ಅಂತ ಅತ್ತೆ ಕೇಳಿದರು.

"ಹೌದಮ್ಮ."

"ಅಕ್ಟೋಬರ್ ಅಂದ್ರೆ ಹೊಸ ಅಕ್ಕಿ ಬಂದಿರುತ್ತೆ. ಒಂದ್ಸಲ ಉಂಡೇ ಹೋಗ್ಬಹುದು. ಒಳ್ಳೇದೇ."

ನಾಗಿ ಎದ್ದು ಹೋಗಿ ನಲ್ಲಿಯ ಹತ್ತಿರ ನಿಂತಳು. ಕಾಗದದ ಬುಡದಲ್ಲಿ ಸಹಿಯ ಬದಲು ಒತ್ತುವ ಮೂರು ಮುದ್ರೆಗೆ ಜಾಗ. ಅತ್ತೆಯ ಮುದ್ರೆ ಬಿದ್ದಿತ್ತು, ಗಂಡನದೂ ಬಿದ್ದಿತ್ತು. ಮೂರನೆಯದು ಫೋಟೋ ಹೊತ್ತುಕೊಂಡು ಹೋಗುವವರದು, ಅಲ್ಲಿ ನನ್ನ ಹೆಸರಿತ್ತು.

"ನಾನು ಒತ್ತಲ್ಲ," ಅಂದೆ. "ಜೀವ ಇರೋರನ್ನ ಬರೆದಿದೀರಲ್ರೀ, ನಿಮ್ಮ ಹೆತ್ತ ತಾಯಿ!"

"ನೀನೇ ಅಲ್ವೇನೇ ಶುರು ಮಾಡಿದ್ದು," ಅಂದರು ಅತ್ತೆ. ಅದರಲ್ಲಿ ಕೊಂಕಿರಲಿಲ್ಲ. ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು. "ಒತ್ತಮ್ಮ. ಆಮೇಲೆ ಸೀಟು ಹೋಗ್ಬಿಡುತ್ತೆ. ಅಲ್ಲಿ ನಿಮ್ಮ ಮಾವನ ಪಕ್ಕ ಬೇರೆ ಯಾರೋ ಬಂದ್ ಕೂರ್ತಾರೆ."

ನನ್ನ ಅಹಂಕಾರವೆಲ್ಲ ಇಳಿದುಹೋಯಿತು. ಗಂಡನ ತೋಳು ಹಿಡಿದುಕೊಂಡೆ. "ನಿಮ್ಮ ಕಾಲಿಗೆ ಬೀಳ್ತೀನಿ. ಮುಂದಿನ ವರ್ಷಕ್ಕೆ ಹಾಕಿ. ಒಂದೇ ಒಂದು ವರ್ಷ. ನಿಮ್ಮ ಕೈಲೇ ಇದೆಯಲ್ಲ ಪಟ್ಟಿ."

ಅವರು ಕೆಟ್ಟ ಮನುಷ್ಯರಲ್ಲ. ಕೂಡಲೇ ಚೀಲದಿಂದ ದಪ್ಪ ಪುಸ್ತಕ ತೆಗೆದರು, ಕನ್ನಡಕ ಹಾಕಿಕೊಂಡರು. ಸಾಲಿನ ಮೇಲೆ ಬೆರಳಿಟ್ಟು ಇಳಿಸುತ್ತ ಹೋದರು. ಹಾಳೆ ತಿರುವಿದರು. ಇನ್ನೊಂದು ಹಾಳೆ. ಇನ್ನೊಂದು. ಸೀಟು ಖಾಲಿ ಉಳಿಯಿತು ಅಂತ ಮೂರು ವರ್ಷ ಕಣ್ಣೀರಿಟ್ಟ ಮನುಷ್ಯ ಅವರು. ತಲೆಯೆತ್ತಿದಾಗ ಅವರ ಮುಖದಲ್ಲಿ ಸಂತೋಷವಿತ್ತು, ಅದನ್ನು ನನ್ನ ಮುಂದೆ ಮುಚ್ಚಿಕೊಳ್ಳಬೇಕು ಅಂತಲೂ ಅವರಿಗೆ ಹೊಳೆಯಲಿಲ್ಲ.

"ಇಲ್ಲ ತೊಮೊಎ," ಅಂದರು. "ಮುಂದಿನ ವರ್ಷ ಒಂದು ಸೀಟೂ ಖಾಲಿ ಇಲ್ಲ. ಅದರಾಚೆ ವರ್ಷವೂ ಪೂರ್ತಿ ತುಂಬಿಹೋಗಿದೆ."